ಬಳಪದ ಡಬ್ಬಿ

ಬಳಪದ ಡಬ್ಬಿ ಮತ್ತೆ ಖಾಲಿಯಾಗಿತ್ತು. ಮುಚ್ಚಳ ಮಾತ್ರ ಹಾಕಿದಂತೆಯೇ ಇತ್ತು. ಹಕ್ಕಿಗಳಿಗೆ ಮುಚ್ಚಳ ತೆಗೆಯಲು ಬರುವುದಿಲ್ಲ. ತೆಗೆದು ಮತ್ತೆ ಹಾಕಲಂತೂ ಬರುವುದೇ ಇಲ್ಲ.

ಯಾರೋ ಕದಿಯುತ್ತಿದ್ದಾರೆ. ಶಂಭುಲಿಂಗನಿಗೆ ಸಂಶಯವೇ ಉಳಿಯಲಿಲ್ಲ.

ಕಮರಿಪೇಟೆಯ ಆ ಮನೆಯ ಮಹಡಿಯಲ್ಲಿ ದಕ್ಷಿಣ ಅಮೆರಿಕದ ಹಾಡುಹಕ್ಕಿಗಳ ಒಂದು ಜೋಡಿ ಇತ್ತು. ಹೆಸರು ಕಾರ್ಡಿನಲ್. ಬೂದು ಬೆನ್ನು, ಬಿಳಿ ಹೊಟ್ಟೆ, ತಲೆಯ ಮೇಲೆ ಕುಂಕುಮ ಸುರಿದಂಥ ಜುಟ್ಟು. ಶಂಭುಲಿಂಗ ತನ್ನ ಕಾಳಿನ ಅಂಗಡಿಯಿಂದ ಬಂದವನೇ ಮೊದಲು ಪಂಜರದ ಮುಂದೆ ನಿಲ್ಲುತ್ತಿದ್ದ, ಆಮೇಲೆ ಕಾಲು ತೊಳೆಯುತ್ತಿದ್ದ. ಈ ಜೋಡಿಯದೊಂದು ಮರಿ ನೋಡಬೇಕು. ಅದೊಂದೇ ಅವನ ಆಸೆ.

ಹೋದ ವರ್ಷ ಹೆಣ್ಣು ಮೊಟ್ಟೆ ಇಟ್ಟಿತ್ತು. ಕಾವು ಸರಿ ಇದೆಯೋ ಇಲ್ಲವೋ ಎಂದು ಶಂಭುಲಿಂಗ ಗಳಿಗೆಗೊಮ್ಮೆ ಸ್ಟೂಲ್ ಹತ್ತಿ ಇಣುಕಿದ. ಹಕ್ಕಿ ರೋಸಿಹೋಗಿ ಗೂಡನ್ನೇ ಬಿಟ್ಟಿತು.

ಈ ಸಲ ಅದು ಮತ್ತೆ ನಾರು ಸೇರಿಸುತ್ತಿತ್ತು. ಮೊಟ್ಟೆಯ ಚಿಪ್ಪು ಗಟ್ಟಿಯಾಗಲು ಸುಣ್ಣ ಬೇಕು. ಹಕ್ಕಿ ಸಾಕುವವರು ಅದಕ್ಕೆ ಸಮುದ್ರಜೀವಿಯ ಎಲುಬು ಇಡುತ್ತಾರೆ. ತಾಯಿ ರತ್ನವ್ವ ಸುತರಾಂ ಒಪ್ಪಲಿಲ್ಲ. “ಲಿಂಗಪೂಜಿ ಆಗೋ ಮನ್ಯಾಗ ಎಲುಬು ತರ್ತಿಯೇನು?” ಹಾಗಾಗಿ ಸಾಲಿ ಮಕ್ಕಳು ಬರೆಯುವ ಸುಣ್ಣದ ಬಳಪ ತಂದು ಪಂಜರದ ಪಕ್ಕ ಡಬ್ಬಿಯಲ್ಲಿ ಇಟ್ಟಿದ್ದ.

ಮನೆಯಲ್ಲಿ ಇರುವವರೇ ಮೂವರು. ಹೆಂಡತಿ ಸೌಂದರ್ಯಾ ಹಕ್ಕಿಗಳ ತಂಟೆಗೆ ಹೋದವಳಲ್ಲ. ಈಚೆಗಂತೂ ಒಗ್ಗರಣೆಯ ಘಾಟು ಆಗುವುದಿಲ್ಲವೆಂದು ಒಲೆಯನ್ನು ಅತ್ತೆಗೆ ಬಿಟ್ಟು, ಮಹಡಿಯ ಗಾಳಿಗೆ ತೂಕಡಿಸುತ್ತ ಕೂತಿರುತ್ತಿದ್ದಳು. ಉಳಿದವಳು ರತ್ನವ್ವ. ಹಾರುವ ಜೀವವನ್ನು ಹಿಡಿದಿಟ್ಟ ಪಾಪ ಎಂದು ದಿನವೂ ಗೊಣಗುವವಳು.

ಊಟಕ್ಕೆ ಕೂತಾಗ ಕೇಳಿಯೇ ಬಿಟ್ಟ.

“ಯವ್ವಾ, ಬಳಪ ನೀನ ತಗೊಳ್ಳಾಕತ್ತೀಯೇನು?”

“ನಾ ಏನ್ ಸಾಲಿಗೆ ಹೊಂಟೇನೇನೋ ಈ ವಯಸ್ಸಿನ್ಯಾಗ?”

“ಚ್ಯಾಷ್ಟಿ ಬ್ಯಾಡ. ಈ ಹೊತ್ತಿನ್ಯಾಗ ಆಕಿಗೆ ಅದು ಬೇಕಬೇಕು.”

“ಈ ಹೊತ್ತಿನ್ಯಾಗ ಆಕಿಗೆ ಏನ್ ಬೇಕು ಅನ್ನೋದು ನಿನ್ನ ಹೆತ್ತಾಕಿಗೆ ಗೊತ್ತೈತಿ. ಸುಮ್ಮನ ರೊಟ್ಟಿ ತಿನ್ನು.”

ಸೌಂದರ್ಯಾ ಕೆಮ್ಮಿದಳು. ನೀರು ತರುವ ನೆಪದಲ್ಲಿ ಎದ್ದು ಹೋದಳು. ಒಳಗಿನಿಂದ ನಗು ಕೇಳಿಸಿತು. ಅತ್ತೆ ಸೊಸೆ ಒಂದಾಗಿದ್ದಾರೆ. ಹಕ್ಕಿಗಳನ್ನು ಹೊರಗೆ ಹಾಕುವ ಹುನ್ನಾರವೇ ಇರಬೇಕು ಎಂದುಕೊಂಡು ಶಂಭುಲಿಂಗ ಅರ್ಧ ರೊಟ್ಟಿ ಬಿಟ್ಟು ಎದ್ದ.

ಮರುದಿನ ಮಧ್ಯಾಹ್ನ ಅಂಗಡಿಯ ಬಾಗಿಲು ಎಳೆದು ಮನೆಗೆ ಬಂದ. ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿದ. ಪಂಜರದ ಪಕ್ಕ ರತ್ನವ್ವ. ಅವಳ ಕೈ ಡಬ್ಬಿಯೊಳಗೆ.

“ಸಿಕ್ಕಿಬಿದ್ದಿ, ಯವ್ವಾ!”

ರತ್ನವ್ವ ಬೆಚ್ಚಲೂ ಇಲ್ಲ. ಸೆರಗಿನ ಗಂಟಿನಿಂದ ಇನ್ನೊಂದು ಮುಷ್ಟಿ ಹೊಸ ಬಳಪ ತೆಗೆದು ಡಬ್ಬಿಗೆ ಸುರಿದಳು.

“ಕದಿಯಾಕತ್ತಿಲ್ಲೋ, ತುಂಬಾಕತ್ತೇನಿ. ಪಾಪ, ಹಕ್ಕಿ ಪಾಲು ಹಕ್ಕಿಗೂ ಇರ್ಲಿ.”

“ಹಂಗಾರ ತಿನ್ನೋರು ಯಾರು?”

ರತ್ನವ್ವ ಗದ್ದ ಎತ್ತಿ ಅವನ ಬೆನ್ನ ಹಿಂದೆ ತೋರಿಸಿದಳು. ಶಂಭುಲಿಂಗ ತಿರುಗಿದ. ಬಾಗಿಲ ಮರೆಯ ಕುರ್ಚಿಯಲ್ಲಿ ಸೌಂದರ್ಯಾ. ಬೆರಳ ನಡುವೆ ಅರ್ಧ ಬಳಪ. ತುಟಿಯ ತುಂಬ ಬಿಳಿ ಪುಡಿ.

“ಮೊದಲ ಹೇಳಿದ್ರ ನೀವು ಒಂಬತ್ತೂ ತಿಂಗಳು ನನ್ನ ಮುಂದ ಸ್ಟೂಲ್ ಹಾಕ್ಕೊಂಡು ಇಣುಕತಿದ್ರಲ್ಲರಿ!”