ಆರು ತಿಂಗಳ ಆಯಸ್ಸು

ಹೆಜ್ಜೆ ಸಪ್ಪಳ ಕೇಳಿದ್ದೇ ಮ್ಯಾನೇಜರು ಲ್ಯಾಪ್‌ಟಾಪ್ ಮುಚ್ಚಿದ. ಅಷ್ಟರಲ್ಲಿ ಬೇಕಾದದ್ದನ್ನು ಓದಿಯಾಗಿತ್ತು: ಇಬ್ಬರೂ ರಜೆಗೆ ಹೋಗಲಿದ್ದ ದೇಶಕ್ಕೆ ಕಾಲಿಡುವ ದಿನಕ್ಕೆ ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಆಯಸ್ಸು ಉಳಿದಿರಬೇಕು. ಅವನದಕ್ಕೆ ನಾಲ್ಕು ವರ್ಷವಿತ್ತು. ಹೆಂಡತಿಯದಕ್ಕೆ ಐದೇ ತಿಂಗಳು. ಅಂದರೆ ಪಾಸಾಗುವುದು ಅವನು, ಪೋರ್ಟಿನಲ್ಲೇ ಉಳಿಯುವುದು ಅವಳು.

ಪ್ರಯಾಣಕ್ಕೆ ಇನ್ನೂ ಎರಡು ತಿಂಗಳಿತ್ತು. ಅವಳಿಗೆ ಗೊತ್ತಾದರೆ ಹೊಸದು ಮಾಡಿಸಿಕೊಂಡಾಳು.

"ನನ್ನ ಪಾಸ್‌ಪೋರ್ಟು ಸರಿಯಿದೆ ತಾನೇರೀ?" ಬಾಗಿಲಲ್ಲೇ ನಿಂತು ಕೇಳಿದಳು.

"ಗುಂಡುಕಲ್ಲಿನ ಹಾಗಿದೆ. ಎರಡೂ ಆಫೀಸಿನ ಲಾಕರಲ್ಲಿವೆ. ನೀನು ಬಟ್ಟೆ ಜೋಡಿಸ್ಕೊ, ಸಾಕು."

"ಹಾಗಾದ್ರೆ ಇಲ್ಲಿ ಸೈನ್ ಹಾಕಿ."

ಮನೆಯ ಅರ್ಜಿಗಳನ್ನೆಲ್ಲ ತುಂಬುವವಳು ಅವಳು. ಸೀಸದಕಡ್ಡಿಯಲ್ಲಿ ಗುರುತು ಹಾಕಿಟ್ಟ ಕಡೆ ಗೀಚುವವನು ಅವನು. ಮದುವೆಯಾದಾಗಿನಿಂದ ಅದೇ ಪದ್ಧತಿ. ಗೀಚಿದ. ಓದಲಿಲ್ಲ.

"ಏನಿದು, ನನ್ನ ಆಸ್ತಿ ಬರೆಸ್ಕೊಳ್ತಿದ್ದೀಯಾ?"

"ನಿಮ್ಮ ಆಸ್ತಿ ಅಂದ್ರೆ ನಾನೇ ಅಲ್ವಾ?" ಫೈಲು ಮಡಚಿದಳು.

ಹೊರಡುವ ಬೆಳಿಗ್ಗೆ ಅವನು ಬಚ್ಚಲ ಕನ್ನಡಿಯೆದುರು ಮುಖ ಸಪ್ಪೆ ಮಾಡಿ ತಾಲೀಮು ನಡೆಸಿದ. "ನೀನು ಬೇಜಾರು ಮಾಡ್ಕೋಬೇಡ. ಇಬ್ಬರ ರಜಾನೂ ಯಾಕೆ ಹಾಳಾಗ್ಬೇಕು? ನಾನು ಹೋಗಿ ಬರ್ತೀನಿ." ಮೂರನೆಯ ಸಲಕ್ಕೆ ಕಣ್ಣೂ ಒದ್ದೆಯಾಯಿತು. ದನಿ ಹೊರಗೆ ಕೇಳದಂತೆ ನಲ್ಲಿ ಬಿಡುವುದೊಂದನ್ನು ಮರೆತಿದ್ದ.

ವಿಮಾನ ನಿಲ್ದಾಣದ ಸಾಲಿನಲ್ಲಿ ಅವನ ಜೇಬು ನಡುಗಿತು. ಆಫೀಸಿನ ರಿಸೆಪ್ಷನಿಸ್ಟಳ ಸಂದೇಶ: 'ನಾನು ಒಳಗಿದ್ದೀನಿ. ಅವಳನ್ನ ಸಾಗಹಾಕಿ ಬೇಗ ಬಾ.' ಫೋನನ್ನು ಬೋರಲಾಗಿಸಿಕೊಂಡ. ಹೆಂಡತಿ ಪೆಟ್ಟಿಗೆಯ ಬೀಗ ಸರಿಪಡಿಸುತ್ತಿದ್ದಳು. ಒಂದೇ ಪೆಟ್ಟಿಗೆ, ಇಬ್ಬರದಕ್ಕೂ ಅದೇ ಸಾಕು ಎಂದಿದ್ದಳು.

ಕೌಂಟರಿನವಳು ಎರಡೂ ಪಾಸ್‌ಪೋರ್ಟನ್ನು ಯಂತ್ರಕ್ಕೆ ತೋರಿಸಿದಳು. ಹುಬ್ಬು ಗಂಟಿಕ್ಕಿತು. ಅವನು ಮುಖ ಸಪ್ಪೆ ಮಾಡಿಕೊಂಡು ಬಾಯಿ ತೆರೆದ.

"ಸರ್, ಇವು ಕಳೆದುಹೋಗಿವೆ ಅಂತ ನೀವಿಬ್ಬರೂ ದೂರು ಕೊಟ್ಟಿದ್ದೀರಿ. ಎರಡೂ ರದ್ದಾಗಿವೆ."

ಓದದೆ ಗೀಚಿದ್ದ ಸೀಸದಕಡ್ಡಿಯ ಆ ಗುರುತು ಅವನ ಕಣ್ಣಿಗೆ ಕಟ್ಟಿತು.

ಹೆಂಡತಿ ಕೈಚೀಲದಿಂದ ಇನ್ನೂ ಅಂಟಿನ ವಾಸನೆ ಹೋಗದ ಹೊಸ ಪಾಸ್‌ಪೋರ್ಟು ತೆಗೆದು ಕೌಂಟರಿನ ಮೇಲಿಟ್ಟಳು. ಒಂದೇ ಒಂದು.

"ನೀವು ಬೇಜಾರು ಮಾಡ್ಕೋಬೇಡಿ," ಎಂದಳು, ಥೇಟ್ ಅವನದೇ ರಾಗದಲ್ಲಿ. "ಇಬ್ಬರ ರಜಾನೂ ಯಾಕೆ ಹಾಳಾಗ್ಬೇಕು? ಒಳಗೆ ಕಾಯ್ತಿರೋರಿಗೆ ನಾನೇ ಹೇಳ್ತೀನಿ."