ಮೇಣ ಹೋದ ಜಾಗ

ಮೇಣ ಸುಟ್ಟ ವಾಸನೆ ಬಂದರೆ ಈಗಲೂ ನನ್ನ ಕೈ ಕಿವಿಯೋಲೆಗೆ ಹೋಗುತ್ತದೆ.

ಅಪ್ಪ ತೀರಿಕೊಂಡ ಮೇಲೆ ಅಮ್ಮ ತೆಗೆದಿಟ್ಟಿದ್ದ ತಾಳಿಯನ್ನು ಅಜ್ಜಿ ಸೆರಗಿನಲ್ಲಿ ಗಂಟು ಕಟ್ಟಿಕೊಂಡು, ನನ್ನನ್ನೂ ತೇನಿ ಪಟ್ಟಣದ ಅಕ್ಕಸಾಲಿ ಆಸಾರಿಯ ಬಳಿಗೆ ಕರೆದೊಯ್ದಿದ್ದಳು. ನನಗೆಂದು ಮೇಣದಲ್ಲಿ ಮಾಡಿ, ಸುತ್ತ ಗಾರೆ ಸುರಿದು ಅಚ್ಚು ಕಟ್ಟಿದ್ದ ಓಲೆಗಳು ಆಗಲೇ ಕುಲುಮೆಯಲ್ಲಿ ಉರಿದುಹೋಗಿದ್ದವು.

“ಮೆಳುಗು ಹೋಯ್ತು ಪಾಪಾ, ಅದ್ರ ಜಾಗ ಒಳಗೇ ಐತೆ,” ಎಂದರು ಆಸಾರಿ, ಮೇಣ ಕರಗಿ ಟೊಳ್ಳಾದ ಅಚ್ಚು ತೋರಿಸುತ್ತಾ.

ತಾಳಿ ಕರಗಿಸಿ, ಅಚ್ಚು ಕೂರಿಸಿದ್ದ ಯಂತ್ರಕ್ಕೆ ಸುರಿದರು. ಅದು ಗಿರ್ರನೆ ತಿರುಗಿ ಬಂಗಾರವನ್ನು ಅಚ್ಚಿನೊಳಕ್ಕೆ ಎರಚಿತು. ನೀರಲ್ಲಿ ಅದ್ದಿ ಅಚ್ಚು ಒಡೆದಾಗ ಎರಡು ಓಲೆ ಬಂದವು. ನಾನು ಚೂರುಗಳಲ್ಲಿ ತಾಳಿ ಹುಡುಕಿದೆ.

“ಅಜ್ಜೀ, ಅಮ್ಮನ ತಾಳಿ ಎಲ್ಲಿ?”

“ಅದೇ ಇದು, ಕಣ್ಣು,” ಎಂದು ಅಜ್ಜಿ ಮುದ್ದಿನಿಂದ ಓಲೆ ತೋರಿಸಿದಳು.

ಸಂಜೆ ನನ್ನ ಓಲೆಯ ತಿರುಪು ಬಿಗಿಯುತ್ತಾ ಅಮ್ಮ ಅಳತೊಡಗಿದಳು. ಯಾಕೆಂದು ತಿಳಿಯದೆ, “ನಂಗೆ ನೋಯ್ಲಿಲ್ಲಮ್ಮಾ,” ಎಂದೆ.