ಕೆಳಗಿನ ಸಾಲಿನ ಡಬ್ಬಿಗಳು

ಹೆಂಡತಿ ಊಟಕ್ಕೆಂದು ಮಹಡಿ ಹತ್ತಿದ ಸದ್ದು ಕೇಳುತ್ತಲೇ ಅಂಗಡಿಯವನು ಷಟರನ್ನು ಅರ್ಧಕ್ಕೆಳೆದ. ಕೆಳಗಿನ ಸಾಲಿನಿಂದ ಒಂದು ಡಬ್ಬಿ ತೆಗೆದ. ಹೇರ್ ಡ್ರೈಯರಿನ ಬಿಸಿಗಾಳಿಯನ್ನು ಮುಚ್ಚಳದ ಅಂಚಿಗೆ ಹಿಡಿದು ಮನಸ್ಸಿನಲ್ಲೇ ನೂರರವರೆಗೆ ಎಣಿಸಿದ. ಅಂಟು ಸಡಿಲವಾಯಿತು. ಕಾಗದ ಹರಿಯಲಿಲ್ಲ. ಆರು ತಿಂಗಳಲ್ಲಿ ಕೈ ಪಳಗಿತ್ತು.

ಒಳಗೇನಿದೆಯೆಂದು ಕೊಳ್ಳುವವರಿಗೆ ಗೊತ್ತಾಗದ ಬೊಂಬೆ ಡಬ್ಬಿಗಳ ವ್ಯಾಪಾರ ಅದು. ಡಬ್ಬಿಗೊಂದು ಬೆಕ್ಕಿನ ಬೊಂಬೆ, ಒಟ್ಟು ಹನ್ನೆರಡು ಬಗೆ. ನೂರಾರು ಡಬ್ಬಿಗಳಲ್ಲಿ ಒಂದರಲ್ಲಿ ಮಾತ್ರ ಚಿನ್ನದ ಬಣ್ಣದ ಬೆಕ್ಕು. ಅದರ ಆಸೆಗೆ ಗಿರಾಕಿಗಳು ಡಬ್ಬಿಯನ್ನು ಕಿವಿಗಿಟ್ಟು ಅಲ್ಲಾಡಿಸುತ್ತಾರೆ, ಅಂಗೈಯಲ್ಲಿ ತೂಗಿ ನೋಡುತ್ತಾರೆ, ಕಣ್ಣುಮುಚ್ಚಿ ಪ್ರಾರ್ಥಿಸುವವರೂ ಉಂಟು. ಅಂಗಡಿಯವನೇ ತೆರೆದು ನೋಡಿದನೆಂದರೆ ಆ ವ್ಯಾಪಾರಕ್ಕೆ ಅರ್ಥವಿಲ್ಲ. ಅಂಥವನಿಗೆ ಕಂಪನಿ ಮತ್ತೆ ಸರಕು ಕೊಡುವುದಿಲ್ಲ.

ಅಂದು ಒಳಗಿದ್ದದ್ದು ಚಿನ್ನದ ಬೆಕ್ಕೇ. ಅವನು ಅದನ್ನು ಪಕ್ಕಕ್ಕಿಟ್ಟು ಡಬ್ಬಿಯ ತಳದಲ್ಲಿ ಬೆರಳಾಡಿಸಿದ. ಏನೂ ಇರಲಿಲ್ಲ. ಬೆಕ್ಕನ್ನು ಹಾಗೆಯೇ ಒಳಗಿಟ್ಟು ಅಂಟಿಸಿ, ಮಾರಾಟಕ್ಕಿದ್ದ ಮೇಲಿನ ಸಾಲಿಗೆ ಸೇರಿಸಿದ.

ಅವನು ಹುಡುಕುತ್ತಿದ್ದದ್ದು ಚೀಟಿ.

ಗಲ್ಲಾದಲ್ಲಿ ಮಗಳು ಕೂರುತ್ತಿದ್ದ ಕಾಲದಲ್ಲಿ ಅವಳಿಗೊಂದು ಚೇಷ್ಟೆಯಿತ್ತು. ಕೆಲವು ಡಬ್ಬಿಗಳನ್ನು ಹೀಗೆಯೇ ಬಿಚ್ಚಿ, ಒಂದೇ ಸಾಲು ಬರೆದ ಚೀಟಿಯನ್ನು ಒಳಗಿಟ್ಟು ಅಂಟಿಸಿಬಿಡುವಳು. ಯಾರ ಪಾಲಿಗೆ ಹೋಗುವುದೆಂದು ಅವಳಿಗೂ ತಿಳಿಯದು. ತಾಯಿ ಬೈದರೆ, "ಬೇಕಾದ ಬೊಂಬೆ ಸಿಗದೆ ಮುಖ ಸಪ್ಪಗೆ ಮಾಡ್ಕೊಳ್ಳೋರಿಗೆ ಇದಾದ್ರೂ ಸಿಗಲಿ ಬಿಡಮ್ಮ" ಎಂದು ನಗುವಳು. ಮೂರು ದಿನದ ಜ್ವರ ಅವಳನ್ನು ಕರೆದುಕೊಂಡು ಹೋಯಿತು.

ಅವನು ಅಳಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದವನು ಮೇಲೇಳಲಿಲ್ಲ, ಅಷ್ಟೇ. ದೇವರ ಹೆಸರು ಬಾಯಿಗೆ ಬರುತ್ತಿತ್ತು, ಎದೆಗಿಳಿಯುತ್ತಿರಲಿಲ್ಲ. ತಟ್ಟೆ ತುಂಬಿ ಬಂದು ತುಂಬಿಯೇ ಹೋಗುತ್ತಿತ್ತು. ಒಂದೂವರೆ ವರ್ಷ ಅಂಗಡಿಯನ್ನು ನಡೆಸಿದವಳು ಹೆಂಡತಿ.

ಒಂದು ದಿನ ಅವಳು ಮೇಲೆ ಬಂದು ಹಾಸಿಗೆಯ ಮೇಲೊಂದು ಚೀಟಿ ಇಟ್ಟಳು. ಯಾರೋ ಗಿರಾಕಿ ಡಬ್ಬಿಯಲ್ಲಿ ಸಿಕ್ಕಿತೆಂದು ತಂದುಕೊಟ್ಟರಂತೆ. "ಯಾರೇ ಆಗಿರಿ, ಇವತ್ತು ಊಟ ಬಿಡಬೇಡಿ." ಅದೇ ದುಂಡನೆಯ ಅಕ್ಷರ, ತಾಯಿ ಕೈಹಿಡಿದು ತಿದ್ದಿಸಿದ್ದು. ಕೆಳಗಿನ ಸಾಲಿನಲ್ಲಿರುವುದೆಲ್ಲ ಮಗಳಿದ್ದಾಗಿನ ಸರಕು, ಗಿರಾಕಿಗಳ ಕೈಗೆ ಸಿಗದಂತೆ ಈಗ ಅತ್ತ ಸರಿಸಿದ್ದೇನೆ ಎಂದಳು ಹೆಂಡತಿ. ಅವನು ಅಂದು ಉಂಡ. ಮರುದಿನ ಮೆಟ್ಟಿಲಿಳಿದ.

ಅಂದಿನಿಂದ ದಿನಕ್ಕೆ ಒಂದೇ ಡಬ್ಬಿ. ಬೇಗ ಮುಗಿದುಹೋದೀತೆಂಬ ಭಯ. ಹತ್ತು ಬಿಚ್ಚಿದರೆ ಒಂದರಲ್ಲಿ ಚೀಟಿ. "ಕನ್ನಡಿ ನೋಡಿಕೊಳ್ಳಿ, ಅಷ್ಟೇನೂ ಕೆಟ್ಟದಾಗಿಲ್ಲ" ಎಂದು ಸಿಕ್ಕಿದ ದಿನ ಗಡ್ಡ ಬೋಳಿಸಿದ. "ಹೊರಗೆ ಬಿಸಿಲು ಚೆನ್ನಾಗಿದೆ" ಎಂಬುದು ಸಿಕ್ಕಿದ ದಿನ ಬೀದಿಯ ತುದಿಯವರೆಗೆ ನಡೆದು ಬಂದ. ಹೆಂಡತಿಗೆ ಹೇಳಲಿಲ್ಲ. ಹೇಳಿದರೆ ಅರ್ಧ ಅವಳಿಗೆ ಕೊಡಬೇಕಾಗುತ್ತದೆ. ಅಷ್ಟು ಉದಾರಿ ಅವನಾಗಿರಲಿಲ್ಲ. ಅವಳೋ, ಮರೆವಿನ ಹೆಂಗಸು, ಡ್ರೈಯರನ್ನು ದಿನವೂ ಗಲ್ಲಾದ ಮೇಲೆಯೇ ಬಿಟ್ಟು ಹೋಗುವಳು. ಕೆಳಗಿನ ಸಾಲು ತೀರುತ್ತಲೇ ಇರಲಿಲ್ಲ. ಎಷ್ಟು ಉಳಿದಿವೆಯೆಂದು ಎಣಿಸಲು ಅವನಿಗೆ ಧೈರ್ಯವಿರಲಿಲ್ಲ. ದೇವರ ದಯೆ ಎಂದುಕೊಂಡು ಸುಮ್ಮನಿದ್ದ.

ಅಂದು ಚಿನ್ನದ ಬೆಕ್ಕಿನ ಡಬ್ಬಿಯನ್ನು ಮೇಲಿಟ್ಟು ತಿರುಗುವಷ್ಟರಲ್ಲಿ ಷಟರು ಸರ್ರನೆ ಮೇಲೇರಿತು. ಕಂಪನಿಯವನು ನಿಂತಿದ್ದ, ಸರಕು ಕೊಡುವವನು. ಕಣ್ಣು ನೇರ ಡ್ರೈಯರಿನ ಮೇಲೆ ಹೋಯಿತು.

ಈ ಅಂಗಡಿಯ ಡಬ್ಬಿಗಳ ಅಂಟು ಕಿತ್ತಿದೆಯೆಂದು ಮೂರು ಜನ ದೂರು ಕೊಟ್ಟಿದ್ದರಂತೆ. ಚಿನ್ನದ ಬೆಕ್ಕನ್ನು ಅಂಗಡಿಯವನೇ ಹಾರಿಸುತ್ತಾನೆಂದು ಗುಮಾನಿ. ಇದ್ದಬದ್ದ ಸರಕನ್ನೆಲ್ಲ ವಾಪಸು ಒಯ್ಯಬೇಕೆಂದು ಮೇಲಿನವರ ಅಪ್ಪಣೆ. ಸದ್ದು ಕೇಳಿ ಹೆಂಡತಿಯೂ ಇಳಿದು ಬಂದು ಗಲ್ಲಾದ ಹಿಂದೆ ನಿಂತಳು.

"ಬಿಚ್ಚಿದ್ದು ನಿಜ. ಬೊಂಬೆ ಒಂದನ್ನೂ ಮುಟ್ಟಿಲ್ಲ," ಎಂದ ಅಂಗಡಿಯವನು.

"ನೋಡಿ ಕಣ್ಣು ತಂಪು ಮಾಡ್ಕೊಂಡ್ರಾ?"

ಅವನು ಚೀಟಿಗಳ ವಿಷಯ ಹೇಳಿದ. ಹೇಳುವಾಗ ದನಿ ನಡುಗಲಿಲ್ಲ. ಬೇರೆ ಯಾರದೋ ಮನೆಯ ಸುದ್ದಿಯಂತಿತ್ತು. ಹೆಂಡತಿಯ ಕಡೆ ತಿರುಗಲಿಲ್ಲ. ಕೊನೆಗೆ ಕೈಮುಗಿದ. "ಮೇಲಿರೋದೆಲ್ಲ ತಗೊಂಡು ಹೋಗಿ. ನಾಳೆಯಿಂದ ಸರಕು ಕೊಡಬೇಡಿ. ಕೆಳಗಿನ ಸಾಲು ಮಾತ್ರ ಬಿಟ್ಟುಬಿಡಿ ಸ್ವಾಮಿ. ಅದು ನನ್ನ ಮಗಳಿದ್ದಾಗಿನ ಸರಕು."

ಕಂಪನಿಯವನು ಕೆಟ್ಟವನಲ್ಲ. ಬಗ್ಗಿ ಕೆಳಗಿನ ಸಾಲಿನಿಂದ ಒಂದು ಡಬ್ಬಿ ಎತ್ತಿಕೊಂಡ. ತಳದಲ್ಲಿದ್ದ ಬೆಲೆಚೀಟಿಯನ್ನು ಉಗುರಿನಿಂದ ಕೆರೆದ. ಮತ್ತೊಂದನ್ನು ಎತ್ತಿ ಕೆರೆದ. ಆಮೇಲೆ ಇನ್ನೊಂದನ್ನು.

"ಯಜಮಾನ್ರೇ, ಮಗಳು ತೀರಿಕೊಂಡು ಎಷ್ಟು ದಿನ ಆಯ್ತು?"

"ಬರೋ ತಿಂಗಳಿಗೆ ಎರಡು ವರ್ಷ."

"ಈ ಡಬ್ಬಿಗಳು ತಯಾರಾಗಿ ಎರಡು ತಿಂಗಳೂ ಆಗಿಲ್ಲ. ಬೆಲೆಚೀಟಿ ಕೆಳಗೆ ತಾರೀಖು ಇಲ್ಲೇ ಇದೆ. ಕಳ್ಳತನ ಮುಚ್ಚೋಕೆ ಸತ್ತ ಮಗುವಿನ ಹೆಸರು ಹೇಳ್ತೀರಲ್ಲ, ದೇವರು ಮೆಚ್ಚುತ್ತಾನಾ?"

ಅಂಗಡಿಯವನು ಡಬ್ಬಿಯನ್ನು ಅವನ ಕೈಯಿಂದ ತೆಗೆದುಕೊಂಡು ತಳದ ತಾರೀಖನ್ನು ಓದಿದ.

"ಅವರು ಸುಳ್ಳು ಹೇಳ್ತಿಲ್ಲ," ಎಂದಳು ಹೆಂಡತಿ. ನಂತರ ಗಂಡನ ಕಡೆ ತಿರುಗಿದಳು. "ನಿಮ್ಮನ್ನ ಹಾಸಿಗೆಯಿಂದ ಎಬ್ಬಿಸೋಕೆ ನನಗೆ ಬೇರೆ ದಾರಿ ತೋಚಲಿಲ್ಲ ರೀ."